ಚೀನಾದ ಜ್ಞಾನಿಯ ಮೀಸೆ

ನಮ್ಮ ಯಜಮಾನರ ಹೆಸರು ಆವಲಪ್ಪ. ದೀಕ್ಷಾಸ್ನಾನದಲ್ಲಿ ಅಬ್ರಹಾಮ ಎಂದು ಇಟ್ಟಿದ್ದರು. ಆದರೆ ಶಿಡ್ಲಘಟ್ಟದ ಬೀದಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ರೇಷ್ಮೆ ನೂಲು ಬಿಚ್ಚುವ ಕೆಲಸ. ವಾರವೆಲ್ಲ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವವರು, ಭಾನುವಾರ ಚರ್ಚಿನಲ್ಲಿ ಎದ್ದು ಪ್ರಾರ್ಥನೆ ಶುರುಮಾಡಿದರೆ ಆ ಎಳೆ ಮಾತ್ರ ಕಡಿಯುತ್ತಲೇ ಇರಲಿಲ್ಲ.

ನಮ್ಮ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಬಾಯಿಬಿಟ್ಟು ಪ್ರಾರ್ಥಿಸಬಹುದು. ಉಳಿದವರು ಮಳೆಗೆ, ಕಾಯಿಲೆಗೆ, ಮಕ್ಕಳ ಪರೀಕ್ಷೆಗೆ ಪ್ರಾರ್ಥಿಸುತ್ತಿದ್ದರು. ಇವರು ದೆಹಲಿಗೆ. ಚೀನಾದವರೂ ನಾವೂ ಅಣ್ಣತಮ್ಮಂದಿರೆಂದು ದೇಶವೆಲ್ಲ ‘ಭಾಯಿ ಭಾಯಿ’ ಕೂಗುತ್ತಿದ್ದ ಕಾಲದಲ್ಲಿ ಇವರು ಕಣ್ಣುಮುಚ್ಚಿ, “ಸ್ವಾಮಿ, ದೆಹಲಿಯ ದೊಡ್ಡೋರಿಗೆ ಬುದ್ಧಿ ಕೊಡಪ್ಪ. ಗಡಿ ಕಲ್ಲು ನೆಡದೇನೇ ತಮ್ಮಾ ತಮ್ಮಾ ಅಂತಾವ್ರೆ” ಎನ್ನುತ್ತಿದ್ದರು. ನಮ್ಮ ಮಾವನವರೂ ಮೇಲೂರಿನಲ್ಲಿ ತಮ್ಮನ ಜೊತೆ ಹೀಗೆಯೇ ಬದುವಿಗೆ ಕಲ್ಲು ನೆಡದೆ ಅಕ್ಕರೆಯಾಗಿದ್ದು, ಕಡೆಗೆ ಇಬ್ಬರೂ ಗುದ್ದಲಿ ಎತ್ತಿಕೊಂಡು ನಿಂತಿದ್ದರು. ಇವರ ವಿದೇಶಾಂಗ ನೀತಿಯೆಲ್ಲ ಆ ಬದುವಿನ ಮೇಲೆ ಹುಟ್ಟಿದ್ದು.

ಪ್ರಾರ್ಥನೆ ದೆಹಲಿ ಮುಟ್ಟಿದ ಕೂಡಲೇ ಸಭೆಯ ಹಿರಿಯರಾದ ಕೋನಪ್ಪ ಮೇಷ್ಟ್ರು ಗಟ್ಟಿಯಾಗಿ “ಆಮೆನ್” ಎಂದುಬಿಡುತ್ತಿದ್ದರು. ಆಮೆನ್ ಆದ ಮೇಲೆ ಮುಂದುವರಿಸುವ ಹಾಗಿಲ್ಲ. ಉಳಿದದ್ದನ್ನು ಇವರು ಮನೆಗೆ ತಂದು ನನಗೆ ಹೇಳುತ್ತಿದ್ದರು.

ಪ್ರತಿ ಕ್ರಿಸ್ಮಸ್ಸಿಗೂ ಚರ್ಚಿನಲ್ಲಿ ನಾಟಕ. ಕೂಸು ಯೇಸುವನ್ನು ಕಾಣಲು ಮೂಡಣದಿಂದ ಬರುವ ಮೂವರು ಜ್ಞಾನಿಗಳಲ್ಲಿ ಒಬ್ಬ ಅರಬ್ಬಿ, ಒಬ್ಬ ಪಾರಸಿ, ಒಬ್ಬ ಚೀನಾದವನು. ಹಿಂದೆ ಯಾರೋ ಮಿಷನ್ ದೊರೆಸಾನಿ ಹಾಕಿಕೊಟ್ಟ ಪದ್ಧತಿ. ಸಾಂಬ್ರಾಣಿ ತಟ್ಟೆ ಹಿಡಿದು ಬರುವ ಚೀನಾದವನು ನಮ್ಮ ಯಜಮಾನರು. ನೀಲಿ ನಿಲುವಂಗಿ ಹೊಲಿದವಳು ನಾನು. ಎದೆಯವರೆಗೆ ಇಳಿಯುವ ಮೀಸೆಯನ್ನೂ ನಾನೇ, ನೂಲು ಬಿಚ್ಚಿ ಉಳಿದ ರೇಷ್ಮೆಯಲ್ಲಿ ಮಾಡಿ, ದೀಪದ ಮಸಿ ಬಳಿದು, ರಾಗಿ ಗಂಜಿಯಿಂದ ಅಂಟಿಸುತ್ತಿದ್ದೆ. ಗಂಜಿಗೆ ಬೆಲ್ಲ ಹಾಕಿದರೆ ಮೀಸೆ ಜಾರುವುದಿಲ್ಲ.

ಅರವತ್ತೆರಡರಲ್ಲಿ ಯುದ್ಧವಾಯಿತು. ಇವರು ಅಂದದ್ದನ್ನೇ ಈಗ ಊರೆಲ್ಲ ಅನ್ನತೊಡಗಿತು. ಇವರಿಗೆ ಸಂತೋಷವಾಗಬೇಕಿತ್ತು. ಮುಂದಿನ ಭಾನುವಾರ ಎದ್ದವರು, “ಸ್ವಾಮಿ, ಹಿಮದಲ್ಲಿರೋ ನಮ್ಮ ಹುಡುಗರನ್ನ ಕಾಪಾಡು. ಚೀನಾದ ಹುಡುಗರಿಗೂ ಚಳಿ ಆಗ್ತದೆ...” ಎನ್ನುವಷ್ಟರಲ್ಲಿ ಆಮೆನ್ ಬಂತು.

ಹೊರಗೆ ಬಂದ ಮೇಲೆ ಮೇಷ್ಟ್ರು ತಡೆದರು. “ಏನಯ್ಯಾ ಆವಲಪ್ಪ, ಊರೆಲ್ಲ ಭಾಯಿ ಅಂದಾಗ ನೀನು ಬೈದೆ. ಈಗ ಊರೆಲ್ಲ ಬೈವಾಗ ನೀನು ಭಾಯಿ ಅಂತೀಯ. ಒಂದ್ಸಲನಾದ್ರೂ ಊರಿನ ಜೊತೆ ಸೇರ್ಕೊಳ್ಳಯ್ಯ!”

“ಭಾಯಿ ಅಂದಿದ್ದು ದೆಹಲಿ, ಮೇಷ್ಟ್ರೇ. ಶತ್ರುವನ್ನ ಪ್ರೀತಿಸು ಅಂದಿದ್ದು ಸ್ವಾಮಿ. ಅವ್ರು ನೆಂಟರಾಗಿದ್ದಾಗ ಆ ಮಾತು ಬೇಕಿರ್ಲಿಲ್ಲ. ಈಗ ಬೇಕು.”

“ನಾಟಕದಲ್ಲಿ ಈ ಸಲ ಚೀನಾದವನು ಬೇಡ. ಮೀಸೆ ತೆಗೆದು ನೇಪಾಳದೋನಾಗು.”

“ಅವನು ನಕ್ಷತ್ರ ನೋಡಿ ಹೊರಟು ಎರಡು ಸಾವಿರ ವರ್ಷ ಆಯ್ತು. ಯುದ್ಧ ಶುರುವಾಗಿದ್ದು ಮೊನ್ನೆ. ಅರ್ಧ ದಾರೀಲಿ ವಾಪಸ್ ಕಳಿಸಕ್ಕಾಗ್ತದಾ?”

“ಮೀಸೆ ಇಟ್ಕೊಂಡು ಬಂದ್ರೆ ನಾನೇ ಹೊರಗೆ ಹಾಕ್ತೀನಿ.”

ಮನೆಯಲ್ಲಿ ಇವರಿಗೆ ಮುದ್ದೆ ಇಳಿಯಲಿಲ್ಲ. “ಇದು ನಾಟಕದ ಮಾತಲ್ಲ ಕಣೇ. ಸ್ವಾಮಿ ಪಾದಕ್ಕೆ ಬರೋನನ್ನ ನಾನು ತಡೀಲಾ?” ಎಂದರು.

“ರೀ, ಪೊಲೀಸಿನೋರು ಬಂದ್ರೆ?”

“ನೀನು ಗಂಜಿ ಕಾಯಿಸು.”

ಯುದ್ಧ ನಿಂತಿದ್ದರೂ ಜನರ ಸಿಟ್ಟು ನಿಂತಿರಲಿಲ್ಲ. ಕ್ರಿಸ್ಮಸ್ ಸಂಜೆ ಚರ್ಚು ತುಂಬಿತ್ತು. ಗಲಾಟೆಯಾದೀತೆಂದು ಪೇದೆ ನರಸಿಂಹಪ್ಪ ಬಾಗಿಲಲ್ಲಿ ನಿಂತಿದ್ದ. ಕೂಸು ಯೇಸುವನ್ನು ಕೊಲ್ಲಿಸಲು ನೋಡಿದ ಹೆರೋದ ರಾಜನ ವೇಷ ಕೋನಪ್ಪ ಮೇಷ್ಟ್ರದು. ಆ ವರ್ಷ ದೀಕ್ಷಾಸ್ನಾನವಾದ ಎಲ್ಲಕ್ಕಿಂತ ಚಿಕ್ಕ ಕೂಸನ್ನು ಯೇಸುವಾಗಿ ಗೋದಲಿಯ ಹುಲ್ಲಿನ ಮೇಲೆ ಮಲಗಿಸುವುದು ನಮ್ಮ ವಾಡಿಕೆ. ಆ ಸಲದ್ದು ಮೇಷ್ಟ್ರ ಮಗಳ ಕೂಸು. ಹುಲ್ಲು ಚುಚ್ಚಿತೋ ಏನೋ, ಮಲಗಿಸಿದಾಗಿನಿಂದ ಕಿರುಚುತ್ತಲೇ ಇತ್ತು.

ಇಬ್ಬರು ಜ್ಞಾನಿಗಳು ಹೆರೋದನ ಸಿಂಹಾಸನ ದಾಟಿದರು. ಮೂರನೆಯವರು ಬಂದಾಗ ಜನ ಎದ್ದರು. “ಹೋಯ್, ಚೀನಾ! ಹಿಡ್ಕೊಳ್ರೋ!”

ಹೆರೋದ ರಾಜ ಸಿಂಹಾಸನದಿಂದ ಎದ್ದು, ನಾಟಕದಲ್ಲಿ ಇಲ್ಲದ ಮಾತಾಡಿದ: “ನಿಲ್ಲು! ಯಾರಪ್ಪಣೆಯಿಂದ ಗಡಿ ದಾಟಿದೆ?”

“ಗಡಿ ಕಲ್ಲು ಯಾಕೆ ನೆಟ್ಟಿಲ್ಲ ಅಂತ ನಾನು ಮೊದ್ಲೇ ಕೇಳ್ದೆ ಅರಸರೇ, ನೀವು ಆಮೆನ್ ಅಂದ್ಬಿಟ್ರಿ” ಎಂದರು ಇವರು. “ಈಗ ದಾರಿ ಬಿಡಿ, ಕೂಸು ನೋಡ್ಬೇಕು.”

ಸಭೆಯವರೆಲ್ಲ ನಕ್ಕರು. ಅಷ್ಟರಲ್ಲಿ ಇವರು ತಟ್ಟೆ ಇಟ್ಟು ಬಾಗಿದರು. ಕೂಸು ಮೀಸೆ ಹಿಡಿದು ಬಾಯಿಗೆ ಹಾಕಿಕೊಂಡಿತು. ಬೆಲ್ಲ ಸಿಕ್ಕಿರಬೇಕು, ಥಟ್ಟನೆ ಸುಮ್ಮನಾಯಿತು. ಮೇಷ್ಟ್ರು ಹಿಂದಿನಿಂದ ನಿಲುವಂಗಿ ಹಿಡಿದು ಎಳೆದರು. ಮೀಸೆ ಬಾಯಿಂದ ಜಾರಿದ್ದೇ ತಡ, ಕೂಸು ಹೆಂಚು ಹಾರುವ ಹಾಗೆ ಅರಚಿತು.

ಹೆಂಗಸರ ಕಡೆಯಿಂದ ಮೇಷ್ಟ್ರ ಮಗಳು, “ಅಪ್ಪಾ, ಬಿಡಪ್ಪಾ ಅವರನ್ನ! ಈಗ್ತಾನೇ ಸುಮ್ಮನಾಗಿತ್ತು!” ಎಂದು ಕೂಗಿದಳು.

ಹೆರೋದ ರಾಜ ಕೈಬಿಟ್ಟ. ಕೂಸು ಮತ್ತೆ ಮೀಸೆ ಹಿಡಿಯಿತು. ಯಾರೋ ಪೇದೆಯನ್ನು ಕರೆದರೆ ಅವನು, “ನಾನೇನು ಹಿಡಿಯೋದು? ಕೂಸೇ ಹಿಡ್ಕೊಂಡೈತಲ್ಲ!” ಎಂದ. ಕಡೆಯ ಕೀರ್ತನೆ ಮುಗಿಯುವವರೆಗೂ ಚೀನಾದ ಜ್ಞಾನಿ ಸೊಂಟ ಬಗ್ಗಿಸಿಕೊಂಡೇ ನಿಂತಿದ್ದ. ಕೂಸಿನ ಮೋರೆಗೆಲ್ಲ ಮಸಿ.

ಮರು ಭಾನುವಾರ ಇವರು ಎದ್ದರು. ಪ್ರಾರ್ಥನೆ ದೆಹಲಿ ಮುಟ್ಟಿತು. ನಾನು ಮೇಷ್ಟ್ರನ್ನು ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತ ಕೂತರು. ಪ್ರಾರ್ಥನೆ ಹಿಮಾಲಯ ದಾಟಿತು, ಚೀನಾದ ಹುಡುಗರನ್ನು ಮುಟ್ಟಿತು, ಅವರ ತಾಯಂದಿರನ್ನೂ ಮುಟ್ಟಿತು. ಯಾರೂ ತಡೆಯಲಿಲ್ಲ. ಅಷ್ಟು ದೂರ ಹೋಗಿ ಅಭ್ಯಾಸವಿಲ್ಲದ ಇವರು ಗಾಬರಿಯಾಗಿ ಕಣ್ಣುಬಿಟ್ಟು ಹೇಳಿದರು:

“ಮೇಷ್ಟ್ರೇ, ಆಮೆನ್ ಅನ್ನಿ.”