ಹದಿನಾರು ಪುಟದ ಕೋಣ

ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷ.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎನ್ನುತ್ತೀರಾ? ಆಗ ನನ್ನ ಕೈಯಲ್ಲಿ ಮೊಬೈಲ್ ಇತ್ತು. ‘ನಿಮ್ಮ ಪುಸ್ತಕ ಬುಧವಾರ ತಲುಪಲಿದೆ’ ಎಂಬ ಮೆಸೇಜ್ ಆಗಷ್ಟೇ ಬಂದಿತ್ತು. ಅದನ್ನು ಗಾಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಓದಬಾರದಿತ್ತು. ನಮ್ಮ ಕ್ರೂಸರ್ ಓಡಿಸುತ್ತಿದ್ದ ಮಲ್ಲಪ್ಪಣ್ಣ ಅದನ್ನು ಕೇಳಿ ಇಡೀ ಮೈ ತಿರುಗಿಸಿ ಹಿಂದೆ ನೋಡಿದರು.

ಎದುರಿಗೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ಎಡಗಡೆ ತುಂಬಿದ ಕಾಲುವೆ.

ಒಳಗೆ ನಾವು ಎಂಟು ಜನ. (ಎಂಟೂ ಜನ ಬದುಕಿದ್ದೇವೆ. ಇಲ್ಲದಿದ್ದರೆ ಈ ಅಂಕಣದ ಜಾಗದಲ್ಲಿ ಬೇರೆ ಏನಾದರೂ ಅಚ್ಚಾಗಿರುತ್ತಿತ್ತು.)

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಎಂಟು ಜನ ಯಾಕೆ ಒಂದೇ ಗಾಡಿಯಲ್ಲಿದ್ದೆವು?

ನೀವೆಲ್ಲ ಬಲ್ಲ ಆ ಐದು ಸಂಪುಟದ ಕಾದಂಬರಿ ಸಿನಿಮಾ ಆಗಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನನ್ನ ಇನ್‌ಬಾಕ್ಸ್‌ನಲ್ಲಿ ಯುದ್ಧ ಶುರುವಾಗುತ್ತದೆ. ನಮ್ಮ ಕಡೆ ಈ ಪುಸ್ತಕದ ಒಂದೇ ಒಂದು ಸೆಟ್ ಇದೆ. ಮೂಡಲಗಿಯ ಮಲ್ಲಪ್ಪಣ್ಣ ಗೋಕಾಕದ ಪುಸ್ತಕ ಪ್ರದರ್ಶನದಲ್ಲಿ ಕೊಂಡದ್ದು. ಅವರು ಆಸ್ಪತ್ರೆಗೆ, ಮದುವೆಗೆ ಬಾಡಿಗೆ ಹೋಗುತ್ತಾರೆ. “ನಮ್ಮ ಕೆಲಸದಾಗ ಗಾಡಿ ಓಡ್ಸೂದು ಕಮ್ಮಿ ರೀ, ಕಾಯೂದ ಹೆಚ್ಚ” ಎನ್ನುತ್ತಾರೆ. ಕಾಯುತ್ತ ಕಾಯುತ್ತ ಐದೂ ಸಂಪುಟ ಮುಗಿಸಿದರು. ಆಮೇಲೆ ಸೆಟ್ ಊರೂರು ಅಲೆಯಿತು. ಓದಿದವರು ಕೊನೆಯ ಹಾಳೆಯಲ್ಲಿ ಹೆಸರು ಬರೆಯಬೇಕೆಂಬುದು ಅವರ ನಿಯಮ. ಎಂಟು ಹೆಸರಿವೆ. ಮಲ್ಲಪ್ಪಣ್ಣ, ಹುಕ್ಕೇರಿಯ ನಿವೃತ್ತ ಮಾಸ್ತರರು, ಕುಲಗೋಡದಲ್ಲಿ ನಾಲ್ಕು ಎಮ್ಮೆ ಸಾಕಿರುವ ಶಾಂತಕ್ಕ, ನಾನು, ಮತ್ತೆ ಘೋಡಗೇರಿಯ ಒಂದೇ ಮನೆಯ ನಾಲ್ವರು.

ನಮ್ಮ ಸೆಟ್‌ಗೆ ಒಂದು ಊನವಿತ್ತು. ಮೂರನೇ ಸಂಪುಟದಲ್ಲಿ ಹದಿನಾರು ಪುಟ ಇರಲಿಲ್ಲ. ಅದೂ ಎಂಥ ಜಾಗದಲ್ಲಿ! ಕಥೆಯ ಕುಂಟರಾಣಿ ಸೈನ್ಯ ಕಳೆದುಕೊಂಡು ‘ಸತ್ತ ಹೊಳೆ’ ಎಂಬ ಬತ್ತಿದ ನದಿಯ ದಂಡೆಗೆ ಬಂದು ನಿಲ್ಲುತ್ತಾಳೆ. ಮುಂದೆ ಮೈಲಿಗಟ್ಟಲೆ ಕೆಸರು. ಹಾಳೆ ತಿರುಗಿಸಿದರೆ ಆಚೆ ದಡದಲ್ಲಿ ಕೂತು ರೊಟ್ಟಿ ತಿನ್ನುತ್ತಿರುತ್ತಾಳೆ.

ದಾಟಿದ್ದು ಹೇಗೆ?

ಅದನ್ನು ಮಲ್ಲಪ್ಪಣ್ಣ ಬಾಯಿಂದ ಹೇಳಿದ್ದರು. ಹಾಳೆ ಕಳೆಯುವ ಮುಂಚೆ ಅವರು ಓದಿದ್ದರಲ್ಲ! ರಾಣಿ ಒಂದು ಮುದಿ ಕೋಣ ಹತ್ತಿ ಬಂದಳು. ಅದೂ ಕುಂಟು, ಇವಳೂ ಕುಂಟಿ. ಏಳು ಹಗಲು ಕೆಸರಲ್ಲಿ ನಡೆದು ದಾಟಿದರು. ಆ ಕೋಣಕ್ಕೆ ನಾವು ಯಾವ ಪರಿ ಮರುಳಾದೆವೆಂದರೆ ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನು ಅದರ ಮೇಲೆ ಬರೆದೆ. ಹಳೆಯ ಓದುಗರಿಗೆ ನೆನಪಿರಬಹುದು. ‘ಆ ಕೋಣದ ಕಣ್ಣಲ್ಲಿ ಬೆಳದಿಂಗಳು ನಿಂತಿತ್ತು’ ಎಂದೆಲ್ಲ.

ಹೀಗಾಗಿ ಆ ಭಾನುವಾರ ಎಂಟೂ ಜನ ಗೋಕಾಕಕ್ಕೆ ಹೋಗಿ ಮ್ಯಾಟಿನಿಗೆ ಕೂತೆವು.

ಸತ್ತ ಹೊಳೆ ಬಂತು. ರಾಣಿ ಬಂದಳು. ಬಿಳಿ ಕುದುರೆ ಮೇಲೆ ಬಂದಳು. ಸ್ಲೋ ಮೋಷನ್‌ನಲ್ಲಿ ಕೆಸರು ಹಾರಿಸುತ್ತ ಕುದುರೆ ದಾಟಿಯೇಬಿಟ್ಟಿತು. ಥಿಯೇಟರ್ ತುಂಬ ಸೀಟಿ.

ಶಾಂತಕ್ಕ ಎದ್ದು ನಿಂತಳು. “ಕೋಣ ಎಲ್ಲೈತಿ?”

“ಅವ್ವಾ, ಕುಂದರ್ರಿ, ಕಾಣವಲ್ದು” ಎಂದ ಹಿಂದಿನವನು.

“ನಿನಗ ಕಾಣವಲ್ದು, ನನಗೂ ಕಾಣವಲ್ದು! ಕೋಣ ಎಲ್ಲೈತಿ ಅಂತ ಕೇಳಾಕತ್ತೇನಿ!”

ಇಂಟರ್‌ವಲ್‌ನಲ್ಲಿ ಮಾಸ್ತರರು ಚಹಾ ಕುಡಿಯಲಿಲ್ಲ. “ಇದು ಸಾಹಿತ್ಯದ ಕೊಲಿ” ಎಂದರು. ಘೋಡಗೇರಿಯ ನಾಲ್ವರೂ ಕೊಲೆ ಎಂದು ಒಪ್ಪಿದರು. ನಾನು ಸಿಟ್ಟಿನ ಭರದಲ್ಲಿ ಮೊಬೈಲ್ ತೆಗೆದು ಮೂರನೇ ಸಂಪುಟದ ಹೊಸ ಪ್ರತಿಗೆ ಆರ್ಡರ್ ಹಾಕಿದೆ. ಸುಮ್ಮನೆ ಬೈದರೆ ಆಯಿತೇ? ಪುರಾವೆ ಬೇಡವೇ? ಮಲ್ಲಪ್ಪಣ್ಣ ಮಾತ್ರ ಏನೂ ಮಾತಾಡಲಿಲ್ಲ. ದುಃಖಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆವು.

ವಾಪಸು ಹೊರಟು, ಘಟಪ್ರಭಾದಲ್ಲಿ ಮಾಸ್ತರರಿಗೂ ಘೋಡಗೇರಿಯವರಿಗೂ ಬಸ್ ಹತ್ತಿಸಬೇಕೆಂದಿದ್ದೆವು. ಕಾಲುವೆ ದಂಡೆಯ ರಸ್ತೆಯಲ್ಲಿ ನನ್ನ ಮೊಬೈಲ್ ಟಿಣ್ ಎಂದಿತು. ನಾನು ಓದಿದೆ. ಮಲ್ಲಪ್ಪಣ್ಣ ತಿರುಗಿದರು.

ಗಾಡಿ ಬಲಕ್ಕೆ ಸರಿಯಿತು. ಟ್ರ್ಯಾಕ್ಟರಿನ ಹಾರ್ನ್ ಕಿವಿ ಹರಿಯುವಂತೆ ಬಡಿದುಕೊಂಡಿತು. ಮಲ್ಲಪ್ಪಣ್ಣ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಕಬ್ಬಿನ ಸೋಗೆ ನನ್ನ ಕಿಟಕಿಯನ್ನು ಬರಬರ ಕೆರೆದುಕೊಂಡು ಹೋಯಿತು. ಆಮೇಲೆ ಒಂದು ಜೋರಾದ ಕುಲುಕು.

ಆಮೇಲೆ ಏನೂ ಇಲ್ಲ. ಎಂಜಿನ್ ಕೂಡ ನಿಂತಿತ್ತು.

ಮುಂದಿನ ಎಡಗಾಲಿ ಗಾಳಿಯಲ್ಲಿತ್ತು. ಗಾಜಿನಾಚೆ ರಸ್ತೆ ಇರಲಿಲ್ಲ, ನೀರಿತ್ತು. ಕಂದು ಬಣ್ಣದ, ಸದ್ದಿಲ್ಲದೆ ಹರಿಯುವ ನೀರು. ಅದು ಈಗಲೂ ನನಗೆ ಕಾಣುತ್ತದೆ. ತಟ್ಟೆಯಲ್ಲಿ ಸಾರು ಬಡಿಸಿದರೂ ಕಾಣುತ್ತದೆ.

“ಯಾರೂ ಕೆಮ್ಮಬ್ಯಾಡ್ರಿ” ಎಂದರು ಮಾಸ್ತರರು.

“ಕೆಮ್ಮೂದಿರ್ಲಿ, ಉಸಿರ ಬಿಡಬಹುದೇನ್ರಿ?” ಎಂದಳು ಶಾಂತಕ್ಕ. ನಾಲ್ಕು ಎಮ್ಮೆ ಸಂಭಾಳಿಸುವ ಹೆಂಗಸು. ತಲೆ ಓಡಿದ್ದು ಅವಳದೇ. “ಎಲ್ಲಾರೂ ಹಿಂದ ಸರೀರಿ. ಹಿಂದಿನ ಬಾಗಲಾ ತಗೀರಿ. ಒಬ್ಬೊಬ್ಬರ ಇಳೀರಿ. ದಪ್ಪ ಇದ್ದಾವ್ರು ಆಮ್ಯಾಲೆ.”

ಆ ಹೊತ್ತಿನಲ್ಲೂ ಯಾರೂ ದಪ್ಪ ಎಂದು ಒಪ್ಪಿಕೊಳ್ಳಲಿಲ್ಲ.

ಮಲ್ಲಪ್ಪಣ್ಣ ಇಳಿಯುವಂತಿರಲಿಲ್ಲ. ಅವರ ಕಾಲು ಬ್ರೇಕಿನ ಮೇಲಿತ್ತು. ತೆಗೆದರೆ ಗಾಡಿ ಜಾರುತ್ತದೋ ಇಲ್ಲವೋ, ಪರೀಕ್ಷೆ ಮಾಡುವ ವಿಷಯವಲ್ಲ. ನಾನು ಇಳಿಯುವಾಗ ಅವರ ಅಂಗಿ ಬೆನ್ನಿಗೆ ಅಂಟಿದ್ದು ಕಂಡಿತು. ಅವರು ತಿರುಗದೆ, ನೀರನ್ನೇ ನೋಡುತ್ತ ಕೇಳಿದರು.

“ಅಕ್ಕಾರ, ಆ ಪುಸ್ತಕ ಖರೇನ ತರಸೀರೇನ್ರಿ?”

ಹೇಳಿ, ಇಂಥ ಹೊತ್ತಲ್ಲಿ ಕೇಳುವ ಪ್ರಶ್ನೆಯೇ ಇದು? ಎಂಥ ಅಭಿಮಾನಿ ಎಂದುಕೊಂಡೆ. ಸಾವಿನ ಬಾಯಲ್ಲೂ ಕೋಣದ ಚಿಂತೆ!

ಟ್ರ್ಯಾಕ್ಟರಿನವನು ಬೈಯಲೆಂದೇ ಇಳಿದು ಬಂದಿದ್ದ. ಕಾಲುವೆ ನೋಡಿ ಬೈಗುಳ ನುಂಗಿಕೊಂಡು ಟ್ರೇಲರ್ ಬಿಚ್ಚಿದ, ನಮ್ಮ ಗಾಡಿಯ ಹಿಂದಕ್ಕೆ ಚೈನ್ ಹಾಕಿದ. ಅಷ್ಟರಲ್ಲಿ ದಂಡೆಯ ಮೇಲೆ ನಡುಗುತ್ತ ನಿಂತಿದ್ದ ನಮ್ಮವರು ಮತ್ತೆ ಶುರುಮಾಡಿದ್ದರು. ಕುದುರಿ ಕಾಲ ಕೆಸರಾಗ ಹೂತಕೊಂತಾವು, ಕೋಣ ಆದ್ರ ಎಳಕೊಂಡ ಬರತೈತಿ, ಸಿನಿಮಾದವರಿಗೆ ಇಷ್ಟೂ ತಿಳೀದಿಲ್ಲೇನು? ಅವನು ಎಲ್ಲ ಕೇಳಿಸಿಕೊಂಡು, “ನನ್ನ ಕಡೆ ಕೋಣ ಇಲ್ರಿ. ಟ್ರ್ಯಾಕ್ಟರ್ ನಡೀತೈತೇನು?” ಎಂದ.

ನಡೆಯಿತು. ಗಾಡಿ ಹಿಂದಕ್ಕೆ ಬಂತು. ಮಲ್ಲಪ್ಪಣ್ಣ ಇಳಿದರು, ಎರಡು ಹೆಜ್ಜೆ ಇಟ್ಟು ರಸ್ತೆಯಲ್ಲೇ ಕೂತರು. ಗಾಡಿಯನ್ನು ಮೂಡಲಗಿಗೆ ಬೇರೆ ಯಾರೋ ಓಡಿಸಿಕೊಂಡು ಹೋದರು.

ಅಂದಿನಿಂದ ನನಗೆ ನಿದ್ದೆ ಹೋಯಿತು. ನನಗೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ. ಆದರೂ ಕಣ್ಣು ಮುಚ್ಚಿದರೆ ಬಲಗಾಲು ಬ್ರೇಕ್ ಒತ್ತುತ್ತದೆ. ಒತ್ತಿದ ರಭಸಕ್ಕೆ ಎಚ್ಚರ. ನೀರಿಗಿಂತ ಹೆಚ್ಚಾಗಿ ಮತ್ತೆ ಮತ್ತೆ ಕಂಡದ್ದು ಮಲ್ಲಪ್ಪಣ್ಣ ತಿರುಗಿದಾಗಿನ ಮುಖ. ಅದು ಸಿಟ್ಟಿನ ಮುಖವಲ್ಲ, ಖುಷಿಯದೂ ಅಲ್ಲ. ಹಾಗಾದರೆ ಯಾವುದು?

ನಮ್ಮ ಅಭಿಮಾನಿ ಬಳಗಕ್ಕೆ ಇಂಥ ತೊಂದರೆಯಿಲ್ಲ. ಮರುದಿನವೇ ವಾಟ್ಸಾಪ್ ಗ್ರೂಪಿನ ಹೆಸರು ‘ಕೋಣಕ್ಕೆ ನ್ಯಾಯ’ ಎಂದಾಯಿತು. ಶಾಂತಕ್ಕ ಡಿಪಿಗೆ ತನ್ನ ಎಮ್ಮೆಯ ಫೋಟೋ ಹಾಕಿದಳು (ಕೋಣ ಸಿಗಲಿಲ್ಲವಂತೆ). ಮಾಸ್ತರರು ಸಿನಿಮಾದವರಿಗೆ ನಾಲ್ಕು ಪುಟದ ಕಾಗದ ಬರೆದರು, ಅದೂ ಶಾಯಿ ಪೆನ್ನಿನಲ್ಲಿ. ಏಳು ಜನ ಸಹಿ ಹಾಕಲು ತಯಾರು. ಮಲ್ಲಪ್ಪಣ್ಣ ಒಲ್ಲೆ ಎಂದರು. ಅಷ್ಟೇ ಅಲ್ಲ, ಬಂದ ಬಾಡಿಗೆಗಳನ್ನೆಲ್ಲ ವಾಪಸು ಕಳಿಸುತ್ತಿದ್ದಾರೆ, ಸ್ಟೇರಿಂಗ್ ಮುಟ್ಟುತ್ತಿಲ್ಲ, ಗಾಡಿಗೆ ತಾಡಪತ್ರಿ ಹೊದಿಸಿದ್ದಾರೆ ಎಂಬ ಸುದ್ದಿಯೂ ಬಂತು.

ಬುಧವಾರ ಪುಸ್ತಕ ಬಂತು. ಹೊಸ ಮುದ್ರಣ, ಮುಖಪುಟದ ಮೇಲೆ ಸಿನಿಮಾ ರಾಣಿಯ ಫೋಟೋ. ಆ ಹದಿನಾರು ಪುಟ ತೆಗೆದು ಓದಿದೆ. ಮತ್ತೊಮ್ಮೆ ಓದಿದೆ. ಹಿಂದಿನಿಂದ ಮುಂದಕ್ಕೂ ಓದಿದೆ.

ಕೋಣ ಇಲ್ಲ.

ಒಂದು ಕೊಂಬಿಲ್ಲ, ಗೊರಸಿಲ್ಲ, ಸಗಣಿ ಕೂಡ ಇಲ್ಲ. ರಾಣಿ ಬಿಳಿ ಕುದುರೆ ಹತ್ತಿ ದಾಟುತ್ತಾಳೆ. ಸಿನಿಮಾದವರು ಅಕ್ಷರ ಬಿಡದೆ ತೆಗೆದಿದ್ದರು.

ಆ ಮುಖ ಯಾವುದೆಂದು ಆಗ ತಿಳಿಯಿತು. ಪರೀಕ್ಷೆಯಲ್ಲಿ ಕಾಪಿ ಚೀಟಿ ಕೈಯಲ್ಲಿದ್ದಾಗ ಮಾಸ್ತರು ಹತ್ತಿರ ಬಂದರೆ ನಮ್ಮ ಮುಖ ಹೇಗಾಗುತ್ತಿತ್ತು? ಅದು.

ಗುರುವಾರ ಅವರ ಮನೆಗೆ ಹೋದೆ. ಮಲ್ಲಪ್ಪಣ್ಣ ತಾಡಪತ್ರಿ ಹೊದ್ದ ಗಾಡಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಿದ್ದರು, ತಾವೇ ರೋಗಿಯನ್ನು ಕರೆತಂದು ಕಾಯುವವರಂತೆ. ಪುಸ್ತಕ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

“ಓದಿದ್ರೇನ್ರಿ ಅಕ್ಕಾರ?”

“ಓದಿದೆ.”

“ನಾ ಓದಿಲ್ರಿ ಆ ಹಾಳಿ. ಆಸ್ಪತ್ರಿ ಮುಂದ ಕಾಯಾಕತ್ತಿದ್ನಿ. ಒಂದ ಕೂಸು ಗಾಡ್ಯಾಗ ವಾಂತಿ ಮಾಡ್ಕೊಂತು. ಅದರವ್ವ ಗಾಬ್ರಿ ಆಗಿ ನಿಂತಿದ್ಲು. ಒರಸಾಕ ಕೈಯಾಗ ಇದ್ದದ್ದ ಹರದ ಕೊಟ್ನಿ. ಆಮ್ಯಾಲೆ ನೋಡಿದ್ರ ಹದಿನಾರ ಪುಟ.”

“ಓದಿಲ್ಲ ಅಂತ ಹೇಳಬಹುದಿತ್ತಲ್ಲ?”

“ಮೊದಲ ಕೇಳಿದಾವ್ರು ಮಾಸ್ತರ್ರಿ. ಅವರು ಕೇಳಿದ್ರ ಸಾಲ್ಯಾಗ ಎಬ್ಬಿಸಿ ನಿಲ್ಲಿಸಿದಂಗ ಆಕೈತಿ. ಗೊತ್ತಿಲ್ಲ ಅನ್ನಾಕ ನಾಲಿಗಿ ಏಳಲಿಲ್ಲ. ಕೆಸರ ಅಂದ್ರು, ಕೋಣ ಅಂದ್ನಿ. ನಮ್ಮನ್ಯಾಗ ಕುದುರಿ ಎಲ್ಲಿಂದ ಬರಬೇಕ್ರಿ?”

ನಾನು ನಗಬೇಕೆಂದಿದ್ದೆ. ಅಷ್ಟರಲ್ಲಿ ಅವರು ತಾಡಪತ್ರಿಯತ್ತ ಬೆರಳು ತೋರಿಸಿದರು.

“ಒಂದ ಸುಳ್ಳಿಗೆ ಎಂಟ ಮಂದೀನ ಮುಳಗಸ್ತಿದ್ನಿ” ಎಂದರು. “ಇನ್ನ ಗಾಡಿ ಯಾಕ್ರಿ ನನಗ? ಯಾರರೆ ನಂಬಿ ಹತ್ತತಾರೇನು?”

ಕೊನೆಗೆ ಗಾಡಿಯ ಕೀಲಿಕೈ ನನ್ನ ಕೈಗಿಟ್ಟು ತಾವೇ ಹೇಳಿದರು. “ಎಲ್ಲಾರನೂ ಕರೀರಿ. ನಾನ ಹೇಳ್ತೇನಿ.”

ಭಾನುವಾರ ಎಲ್ಲರೂ ಬಸ್ಸಿನಲ್ಲಿ ಮೂಡಲಗಿಗೆ ಬಂದರು. ತಾಡಪತ್ರಿ ತೆಗೆದು ನಿಂತ ಕ್ರೂಸರಿನಲ್ಲೇ ಕೂತೆವು. ಕೀಲಿಕೈ ನನ್ನ ಹತ್ತಿರವಿತ್ತು, ಅವರೇ ಕೊಟ್ಟಿದ್ದರು. ಎಲ್ಲ ಹೇಳಿದರು. ಕೂಸು, ವಾಂತಿ, ಹಾಳೆ, ಕೋಣ.

ಮಾಸ್ತರರು ಕನ್ನಡಕ ಒರೆಸಿಕೊಂಡು ಹೊಸ ಪುಸ್ತಕ ಓದಿದರು. ಮುಖಪುಟ ತಿರುಗಿಸಿ ನೋಡಿದರು.

“ಹೂಂ. ಸಿನಿಮಾ ಸಲುವಾಗಿ ಹೊಸಾದಾಗ ಕೋಣಾನ ತಗದಾರ.”

“ಅಲ್ರಿ ಮಾಸ್ತರ, ನಾನ ಹೇಳಾಕತ್ತೇನಲ್ರಿ. ಆ ಕೋಣ ನಾನ ಹುಟ್ಟಸೀನಿ!”

“ನೀ ಸುಮ್ಮನಿರೋ ಮಲ್ಲಪ್ಪ. ನಿನಗೇನ ಗೊತ್ತೈತಿ?”

ಶಾಂತಕ್ಕನಿಗೆ ಬೇರೆಯೇ ಸಿಟ್ಟು. “ಅದು ದಡಾ ಮುಟ್ಟಿ ಸತ್ತಾಗ ನಾ ಎರಡ ದಿನ ಅತ್ತೇನಿ!”

“ಅದು ಸತ್ತದ್ದ ನಾ ಹೇಳೇ ಇಲ್ಲಬೇ. ನೀನ ಸಾಯಿಸಿದಿ.”

ಖರೆ. ಕೋಣ ಕೊಟ್ಟದ್ದು ಅವರು. ಸಾಯಿಸಿದ್ದು ಶಾಂತಕ್ಕ. ‘ಕಾಳಿಂಗ’ ಎಂದು ಹೆಸರಿಟ್ಟದ್ದು ಮಾಸ್ತರರು. ಕಣ್ಣಲ್ಲಿ ಬೆಳದಿಂಗಳು ಸುರಿದದ್ದು ನಾನು, ಅದೂ ಪೇಪರಿನಲ್ಲಿ, ಫೋಟೋ ಸಮೇತ. ಸಿನಿಮಾದವರನ್ನು ಬೈಯುವ ನಾವೆಲ್ಲ ಎಷ್ಟು ಸಲ ಪುಸ್ತಕಕ್ಕಾಗಿ ಬೈದಿದ್ದೇವೆ, ಎಷ್ಟು ಸಲ ನಮ್ಮ ನಮ್ಮ ಕೋಣಕ್ಕಾಗಿ?

ಶಾಂತಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕೈಯಿಂದ ಕೀಲಿಕೈ ಕಸಿದು ಮಲ್ಲಪ್ಪಣ್ಣನ ಮುಂದೆ ಹಿಡಿದಳು. “ಆ ಹದಿನಾರ ಪುಟ ಬರದ ಕೊಡು, ಹಳೀ ಪುಸ್ತಕಕ್ಕ ಸೂಜಿ ದಾರದಿಂದ ಹೊಲದ ಹಚ್ಚತೇನಿ. ಈಗ ಇವರನ್ನ ಘಟಪ್ರಭಾಕ್ಕ ಬಿಡು, ನಡಿ. ಬಸ್ಸಿನ್ಯಾಗ ನಿಂತ ನಿಂತ ನನ್ನ ಸೊಂಟ ಹೋಗೈತಿ.”

ಅವರು ಕೀಲಿಕೈ ನೋಡಿದರು. ನಮ್ಮನ್ನು ನೋಡಿದರು. ಯಾರೂ ಇಳಿಯಲಿಲ್ಲ. ದಪ್ಪ ಇದ್ದವರೂ.

ಕಾಲುವೆ ದಂಡೆಯ ರಸ್ತೆಯಲ್ಲೇ ಹೋಗಬೇಕೆಂದು ಮಾಸ್ತರರು ಹಟ ಹಿಡಿದರು. ಬೀಳಲಿದ್ದ ಜಾಗ ಒಮ್ಮೆ ದಾಟಬೇಕಂತೆ. ಮಲ್ಲಪ್ಪಣ್ಣ ಕತ್ತು ಅಲ್ಲಾಡಿಸದೆ ಓಡಿಸಿದರು. ಆ ಜಾಗ ಬಂತು. ಎಂಟೂ ಜನರ ಬಲಗಾಲು ಒಟ್ಟಿಗೇ ಒತ್ತಿದವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ದಾಟಿತು. ಎಲ್ಲರೂ ಉಸಿರು ಬಿಟ್ಟರು.

ಆಗ ಮಾಸ್ತರರಿಗೆ ತಡೆಯಲಾಗಲಿಲ್ಲ. “ಮಲ್ಲಪ್ಪ, ಆ ಕೋಣಕ್ಕ ಎಷ್ಟ ವಯಸ್ಸಾಗಿತ್ತೋ?”

ನಾನು ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡೆ.

ಮಲ್ಲಪ್ಪಣ್ಣ ತಿರುಗಲಿಲ್ಲ. ಇಂಡಿಕೇಟರ್ ಹಾಕಿದರು. ಗಾಡಿ ನಿಧಾನ ಮಾಡಿ ರಸ್ತೆ ಬದಿಗೆ ತಂದರು. ಹ್ಯಾಂಡ್‌ಬ್ರೇಕ್ ಎಳೆದರು. ಎಂಜಿನ್ ಬಂದ್ ಮಾಡಿ ಕೀಲಿಕೈ ಜೇಬಿಗೆ ಹಾಕಿಕೊಂಡರು. ಆಮೇಲೆ ಇಡೀ ಮೈ ತಿರುಗಿಸಿ ಕೂತರು.

“ಹತ್ತೊಂಬತ್ತರಿ ಮಾಸ್ತರ. ಖರೆ ಹೇಳಬೇಕಂದ್ರ, ಅದರ ಸಣ್ಣಂದಿನ ಕಥಿ ಬ್ಯಾರೇನ ಐತಿ...”

ಮುಕ್ಕಾಲು ತಾಸು ಹೇಳಿದರು. ಹುಕ್ಕೇರಿ ಬಸ್ಸು ತಪ್ಪಿತು. ಮಾಸ್ತರರು ಬೇಸರ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಸಿನಿಮಾದವರಿಗೆ ಬರೆದ ಆ ಕಾಗದ ತೆಗೆದು, ಹರಿಯುತ್ತಾರೆಂದು ನಾನು ನೋಡುತ್ತಿದ್ದರೆ, ತೊಡೆಯ ಮೇಲಿಟ್ಟುಕೊಂಡು ಕೊನೆಯಲ್ಲಿ ಇನ್ನೊಂದು ಪ್ಯಾರಾ ಸೇರಿಸಿದರು. ಈ ಸಲ ಮಲ್ಲಪ್ಪಣ್ಣನೂ ಸಹಿ ಹಾಕಿದರು. (ಅವರ ಕಥೆ ಇಲ್ಲಿ ಬರೆಯಲು ಒಪ್ಪಿಗೆಯನ್ನೂ ಆಗಲೇ ಕೊಟ್ಟರು.)

ಆ ಭಾನುವಾರ ನಾನು ಬೆಳಗಿನ ತನಕ ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದೆ. ಕಾಗದ ಮುಟ್ಟಿದ ಮೇಲೆ ಸಿನಿಮಾದವರ ನಿದ್ದೆಯ ಕಥೆ ಏನಾಯಿತೋ?