ಫೋನ್ ಡಾಕ್ಟರು ಮಗಳಿಗೆ ಕೊಟ್ಟ ರಜೆಯ ಉಡುಗೊರೆ

ನಮ್ಮ ಬೀದಿಯ ಫೋನ್ ರಿಪೇರಿಯವರನ್ನು ಎಲ್ಲರೂ ಡಾಕ್ಟರು ಅಂತಲೇ ಕರೆಯುವುದು. ಹೆಸರಿಟ್ಟವನು ನಾನು ಎಂದು ಹೇಳಿಕೊಂಡು ತಿರುಗುತ್ತೇನೆ. ನಂಬುವವರು ಯಾರೂ ಇಲ್ಲ. ಅವರ ಹಳೇ ರೋಗಿಯಂತೂ ನಾನೇ. ನನ್ನ ಫೋನು ಜೇಬಿನಲ್ಲಿ ಇದ್ದದ್ದಕ್ಕಿಂತ ನೆಲದ ಮೇಲೆ ಬಿದ್ದದ್ದೇ ಹೆಚ್ಚು.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಗೂಡು. ಒಂದು ಮೇಜು, ಕುತ್ತಿಗೆ ಬಗ್ಗಿಸಿದ ದೀಪ, ಗಾಜು ಬಿಡಿಸುವ ಬಿಸಿ ತಟ್ಟೆ, ಚಿಮಟ, ನನ್ನಂಥ ಕೆಲಸವಿಲ್ಲದವರಿಗೆ ಒಂದು ಸ್ಟೂಲು. ಶಾಲೆಗೆ ರಜೆ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರು ಹಳೆಯ ಫೋನು, ಟ್ಯಾಬುಗಳನ್ನು ತಂದು ಗುಡ್ಡೆ ಹಾಕುತ್ತಾರೆ. "ಮಗುಗೆ ಉಡುಗೊರೆ ಕೊಡ್ಬೇಕು, ಹೊಸದರ ಹಾಗೆ ಮಾಡ್ಕೊಡಿ." ಡಾಕ್ಟರು ಬ್ಯಾಟರಿ ಬದಲಿಸಿ, ಗಾಜು ಕೂರಿಸಿ, ಕೊನೆಗೆ ಒಳಗಿದ್ದುದನ್ನೆಲ್ಲ ಅಳಿಸಿ, ರಿಬ್ಬನ್ ಕಟ್ಟಿ ಕೊಡುತ್ತಾರೆ. ಅಳಿಸದೆ ಇರುವ ಹಳೇ ಫೋನು ಮೇಜು ಬಿಟ್ಟು ಇಳಿಯಕೂಡದು. ಯಾರದೋ ಫೋಟೋ ಇನ್ಯಾರದೋ ಕೈ ಸೇರಿ ಸಂಸಾರಗಳು ಒಡೆದದ್ದನ್ನು ಕಂಡು ಅವರು ಮಾಡಿಕೊಂಡ ನೇಮ ಅದು.

"ಮಕ್ಕಳಿಗೆ ಇದೆಲ್ಲ ಬೇಕಾ ಡಾಕ್ಟ್ರೇ?" ಅಂತ ನಾನು ಮಹಾಜ್ಞಾನಿಯ ಹಾಗೆ ಕೇಳಿದೆ.

"ಬೇಡ ಅಂದ್ರೆ ನಾನೇನು ಮಣ್ಣು ತಿನ್ಲಾ ಸ್ವಾಮಿ? ಊರ ಮಕ್ಕಳಿಗೆಲ್ಲ ರಿಬ್ಬನ್ ಕಟ್ಕೊಡ್ತೀನಿ. ನನ್ನ ಮಗಳಿಗೆ ಕೊಡಲ್ಲ."

ಆದರೆ ಆ ಮಗಳು ಕೇಳಿದ್ದು ಹೊಸ ಟ್ಯಾಬನ್ನಲ್ಲ. ಅಮ್ಮನ ಫೋನನ್ನು.

ಡಾಕ್ಟರ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ರಾತ್ರಿ ಪಾಳಿ ಮಾಡುತ್ತಿದ್ದರು. ಮಗಳಿಗೆ ನಿದ್ದೆ ಹತ್ತಬೇಕಲ್ಲ ಎಂದು ಕಥೆಗಳನ್ನು ತಮ್ಮ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟು, ಅದನ್ನು ದಿಂಬಿನ ಪಕ್ಕ ಬಿಟ್ಟು ಕೆಲಸಕ್ಕೆ ಹೋಗುವರು. ಕಥೆಯ ನಡುನಡುವೆ ಕೆಮ್ಮು. "ಕಾಲು ಆಡಿಸ್ಬೇಡ, ಕಣ್ಮುಚ್ಚು" ಅನ್ನುವ ಗದರಿಕೆ. ಹೋದ ವರ್ಷ ಆ ಕೆಮ್ಮೇ ಅವರನ್ನು ಕರೆದುಕೊಂಡು ಹೋಯಿತು. ಫೋನು ಬ್ಯಾಟರಿ ಉಬ್ಬಿಸಿಕೊಂಡು ಬೀರುವಿನಲ್ಲಿ ಬಿದ್ದಿತ್ತು. ಆ ದನಿ ಬೇರೆಲ್ಲೂ ಇರಲಿಲ್ಲ. "ಇನ್ನೊಂದು ಕಡೆ ನಕಲು ಇಟ್ಕೊಳ್ಳಿ" ಎಂದು ಬಂದವರಿಗೆಲ್ಲ ಬುದ್ಧಿ ಹೇಳುವ ಡಾಕ್ಟರು ತಮ್ಮ ಮನೆಯದನ್ನು ಇಟ್ಟುಕೊಂಡಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ, ಇನ್ನೇನು.

ಮನೆಯಲ್ಲಿ ಅಡುಗೆ, ಮಗು ಎರಡನ್ನೂ ನೋಡಿಕೊಳ್ಳುತ್ತಿದ್ದವರು ಅವರ ಅತ್ತೆ, ತೀರಿಕೊಂಡವರ ತಾಯಿ. ಅವರು ಸುತರಾಂ ಒಪ್ಪಲಿಲ್ಲ.

"ಹೋದವಳ ದನಿ ಕಿವಿಗಿಟ್ಕೊಂಡ್ರೆ, ಮಗು ಇರೋರ ಹತ್ರ ಮಾತೇ ಬಿಡುತ್ತೆ ಅಳಿಯಂದ್ರೇ. ಮರೆಯೋಕೆ ಬಿಡಿ."

"ಮರೀತಾನೇ ಇದ್ದಾಳೆ ಅತ್ತೆ. ಅಮ್ಮನ ದನಿ ಹೇಗಿತ್ತು ಅಂತ ಮೊನ್ನೆ ನನ್ನನ್ನೇ ಕೇಳಿದ್ಲು."

ಮುದುಕಿ ಒಲೆ ಆರಿಸಿ ಬಂದು ಕೂತರಂತೆ. ಆಮೇಲೆ, "ಹಾಗಾದ್ರೆ ಕೊಡಿ. ನನಗೂ ಒಂದ್ಸಲ ಕೇಳಿಸ್ಲಿ" ಅಂದರಂತೆ.

ಕೊಡುವುದೆಂದು ತೀರ್ಮಾನವಾದ ಮೇಲೆ ಡಾಕ್ಟರು ಹಗುರಾದರು. ರಜೆಯ ಹಿಂದಿನ ದಿನ ಫೋನನ್ನು ಅಂಗಡಿಗೆ ತಂದು, ಉಬ್ಬಿದ ಬ್ಯಾಟರಿಯನ್ನು ಹಲ್ಲು ಕೀಳುವಷ್ಟು ಜೋಪಾನವಾಗಿ ತೆಗೆದು ಹೊಸದು ಹಾಕಿದರು. ಬೆಳಕು ಬಂತು. "ನೋಡಿದ್ರಾ ಸ್ವಾಮಿ!" ಅಂದರು. ಅದನ್ನು ಚಾರ್ಜಿಗೆಂದು ಉಳಿದವುಗಳ ಸಾಲಿನಲ್ಲೇ ಮಲಗಿಸಿದರು. ಅಷ್ಟರಲ್ಲಿ ಗಿರಾಕಿಗಳು ಮುಗಿಬಿದ್ದರು. ನಾನು ಮಾತಾಡುತ್ತಲೇ ಇದ್ದೆ, ಅವರು ನಗುತ್ತಲೇ ಸಾಲಿನಿಂದ ಒಂದೊಂದನ್ನೇ ಎತ್ತಿಕೊಂಡರು. ಎರಡು ಗುಂಡಿ ಒಟ್ಟಿಗೆ ಒತ್ತುವುದು, ಎಲ್ಲ ಅಳಿಸಲೇ ಎಂದು ಫೋನು ಕೇಳುವುದು, ಇವರು ಹೌದೆನ್ನುವುದು. ಆ ಕೆಲಸಕ್ಕೆ ಅವರಿಗೆ ಕಣ್ಣು ಬೇಕಿಲ್ಲ, ಬೆರಳು ಸಾಕು.

ರಿಬ್ಬನ್ ಕಟ್ಟಲು ಒಂದನ್ನು ಮಗುಚಿದಾಗ ಬೆನ್ನ ಮೇಲೆ ಅವರ ಹೆಂಡತಿ ತಮ್ಮ ಫೋನಿಗೆ ಅಂಟಿಸಿಕೊಂಡಿದ್ದ ನೀಲಿ ಹೂವಿನ ಸ್ಟಿಕ್ಕರು ಕಂಡಿತು.

ಅದನ್ನೂ ಅಳಿಸಿ ಆಗಿತ್ತು.

"ವಾಪಸ್ ತರಿಸೋಕೆ ಆಗುತ್ತಲ್ವಾ?" ಎಂದೆ, ಗಿರಾಕಿಗಳು ಹೋದ ಮೇಲೆ.

"ಇಲ್ಲ. ಅಳಿಸಿದ್ದು ದೇವರಪ್ಪಂಗೂ ಸಿಗಲ್ಲ ಅಂತ ನಿಮಗೆಲ್ಲ ಹೇಳೋನು ನಾನೇ ಅಲ್ವಾ."

"ಬ್ಯಾಟರಿ ಉಬ್ಬಿ ಒಳಗೆಲ್ಲ ಹಾಳಾಗಿತ್ತು ಅಂದ್ಬಿಡಿ. ನನಗೆ ನೀವು ಎಷ್ಟು ಸಲ ಹಾಗೆ ಹೇಳಿಲ್ಲ!"

"ನಿಮಗೆ ಹೇಳಬಹುದು ಸ್ವಾಮಿ, ಅವಳಿಗಲ್ಲ" ಎಂದು ಅವರು ದೀಪ ಆರಿಸಿದರು.

ಮನೆಯಲ್ಲಿ ನಡೆದದ್ದನ್ನು ಮುದುಕಿಯೇ ನನಗೆ ಹೇಳಿದ್ದು. ಅಪ್ಪ ಬಾಯಿ ತೆರೆಯುವ ಮೊದಲೇ ಮಗಳು ಅವರ ಕೈಯಲ್ಲಿದ್ದ ರಿಬ್ಬನ್ ಕಟ್ಟಿದ ಡಬ್ಬಿ ಕಸಿದು ಬಿಚ್ಚಿದ್ದಾಳೆ. "ಅಪ್ಪಾ, ಇದು ಹೊಸ ಫೋನಿನ ಹಾಗೆ ಯಾವ ಭಾಷೆ ಬೇಕು ಅಂತ ಕೇಳ್ತಿದೆ." ಡಾಕ್ಟರು ಆಗ ನಡೆದದ್ದನ್ನು ಹೇಳಿದರು. "ಎಲ್ಲಾನೂ ಹೋಯ್ತಾ?" "ಎಲ್ಲಾನೂ." ಹುಡುಗಿ ಫೋನನ್ನು ಡಬ್ಬಿಯೊಳಗಿಟ್ಟು, ರಿಬ್ಬನ್ನನ್ನು ಮೊದಲಿನ ಹಾಗೇ ಕಟ್ಟಿ, ಅಪ್ಪನ ತೊಡೆಯ ಮೇಲೆ ಇಟ್ಟಳು. ಮುದುಕಿ ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಆ ರಜೆಯಲ್ಲಿ ಹುಡುಗಿ ದಿನವೂ ಅಂಗಡಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ಅಪ್ಪನ ಜೊತೆ ಮಾತಿಲ್ಲ. ಹಳೇ ಫೋನು ತಂದವರನ್ನು ಮಾತ್ರ ಕೇಳುವಳು: "ಇದರೊಳಗೆ ಯಾರ ದನಿಯಾದ್ರೂ ಇದೆಯಾ?" ಕೆಲವರು ನಗುವರು, ಕೆಲವರು ಸಿಡುಕುವರು. ಅವರು ಇಲ್ಲವೆಂದು ಬಾಯಿಬಿಟ್ಟು ಹೇಳುವ ತನಕ ಡಾಕ್ಟರು ಗುಂಡಿ ಒತ್ತುತ್ತಿರಲಿಲ್ಲ. ಬೇಸತ್ತ ಗಿರಾಕಿಗಳು ಮುಂದಿನ ತಿರುವಿನ ಅಂಗಡಿ ಹಿಡಿದರು.

ನಾನೂ ನನ್ನ ಒಡೆದ ಫೋನು ಒಯ್ದೆ.

"ಯಾರಾದ್ರೂ ಇದ್ದಾರಾ ಒಳಗೆ?"

"ಇದ್ದಾರಮ್ಮ, ನನ್ನ ಹೆಂಡತಿ. ಬರೀ ಬೈಗುಳ" ಎಂದೆ, ನಗಿಸಲು.

ಅವಳು ನಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ರಜೆ ಶುರುವಾದ ಮೇಲೆ ಮೊದಲ ಸಲ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಇದನ್ನ ನೀನು ಮುಟ್ಬೇಡ."

ಡಾಕ್ಟರು ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು.