ಮಿನತಿಯ ಬಿಲ್ಲೆ

ಹನುಮಂತಣ್ಣ, ಆ ಭಾನುವಾರ ಮಿನತಿಯ ಬಿಲ್ಲೆಯನ್ನು ಹಲಗೆಗೆ ಹಾಕಿದವಳು ನಾನು. ಮಿನತಿ ಇನ್ನೂ ಗುಡ್ಡದ ಮೇಲಿದ್ದಳು. ನೀವು ಕೇಳಿದಾಗ ನಾನು ಮುಚ್ಚಿಟ್ಟೆ — ಏಳು ವರ್ಷ ಮುಚ್ಚಿಟ್ಟೇ ಬದುಕಿದೆ.

ಬಿಲ್ಲೆಯ ಪದ್ಧತಿ ತಂದವರು ನೀವು. ಹಟ್ಟಿಯ ಗಣಿಯಲ್ಲಿ ಇಳಿಯುವವರಿಗೆ ಕಿಟಕಿಯಿಂದ ಬಿಲ್ಲೆ ಕೊಡುವುದು, ಮೇಲೆ ಬಂದವರಿಂದ ವಾಪಸು ಪಡೆಯುವುದು ನಿಮ್ಮ ಕೆಲಸ. ಒಂದು ಬಿಲ್ಲೆ ಬರಲಿಲ್ಲವೆಂದರೆ ಒಬ್ಬ ಮನುಷ್ಯ ಇನ್ನೂ ಒಳಗಿದ್ದಾನೆ. ನಮ್ಮ ಚಾರಣ ಬಳಗಕ್ಕೂ ನೀವು ಅದನ್ನೇ ಮಾಡಿದಿರಿ. ಡಬ್ಬಿಯ ಮುಚ್ಚಳ ಕತ್ತರಿಸಿ, ಮೊಳೆಯಿಂದ ನಂಬರು ಕೊರೆದು ಇಪ್ಪತ್ತೆರಡು ಬಿಲ್ಲೆ. ಹತ್ತುವ ಮುಂಚೆ ನಿಮ್ಮ ಗಾಡಿಗೆ ಒರಗಿಸಿಟ್ಟ ಹಲಗೆಯಿಂದ ತೆಗೆದುಕೊಳ್ಳಬೇಕು, ಇಳಿದ ಮೇಲೆ ಅವರವರೇ ತಗುಲಿಸಬೇಕು. ಹಲಗೆ ತುಂಬದೆ ಗಾಡಿ ಬಿಡುವಂತಿಲ್ಲ.

"ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕಬ್ಯಾಡ್ರಿ. ಅದು ತಗಡಲ್ಲ, ಮನಷಾ," ಎನ್ನುತ್ತಿದ್ದಿರಿ.

"ನೆಲದ ಕೆಳಗಿನ ಕಾಯ್ದೆ ಗುಡ್ಡದ ಮ್ಯಾಲ ಯಾಕಣ್ಣಾ?" ಎಂದು ನಾನು ಕಾಡಿಸುತ್ತಿದ್ದೆ. ಟೀಚರಾದವಳು ನಾನು, ಶಾಲೆಯಲ್ಲಿ ದಿನಾ ಹಾಜರಿ ಕೂಗುವವಳು. ನನಗೇ ಅದು ಅತಿ ಅನ್ನಿಸಿತ್ತು!

ಎಂಥ ಭಾನುವಾರಗಳು ಅವು. ಸಿಂಧನೂರಿನಿಂದ ನಮ್ಮದೊಂದು ಕ್ರೂಸರ್, ಲಿಂಗಸುಗೂರಿನ ಕಡೆಯಿಂದ ನಿಮ್ಮದೊಂದು, ಮಸ್ಕಿಯಲ್ಲಿ ಎರಡೂ ಕೂಡಿ ಚಹಾ. ಬಿಸಿಲೇರುವ ಮೊದಲು ಬಂಡೆಗಳ ನಡುವಿನ ಕುರಿದಾರಿಯಲ್ಲಿ ಸಾಲಾಗಿ ಹತ್ತುತ್ತಿದ್ದೆವು. ಮೇಲೆ ನನ್ನ ರೊಟ್ಟಿ, ಪುಂಡಿಪಲ್ಯ. ಮಿನತಿಯ ಡಬ್ಬಿಯಲ್ಲಿ ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ. ಮೊದಲ ಸಲ ಆ ಘಾಟಿಗೆ ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಎರಡನೇ ಸಲ ಕೈ ಚಾಚಿದ್ದಿರಿ. ಅಷ್ಟು ಖುಷಿ ನಾನು ಆಮೇಲೆ ಕಂಡಿಲ್ಲ.

ಅಂದು ಇಳಿಯುವಾಗ ನಾನೂ ಮಿನತಿಯೂ ಹಿಂದೆ ಬಿದ್ದಿದ್ದೆವು. ಅವಳಿಗೆ ಸೀತಾಫಲದ ಗಿಡವೊಂದು ಕಂಡಿತು. ಬಿಲ್ಲೆಯನ್ನು ನನ್ನ ಕೈಗಿಟ್ಟು, "ಅಕ್ಕಾ, ನಂದೂ ಹಾಕಿಬಿಡ್ರಿ, ಹಿಂದss ಬಂದೆ," ಎಂದಳು. ನಾನು ಹೂಂ ಎಂದೆ. ಯಾಕೆ ಗೊತ್ತೇ? ಬೇಗ ಇಳಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಅಷ್ಟೇ ಅಣ್ಣಾ — ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಎರಡೂ ಬಿಲ್ಲೆ ತಗುಲಿಸಿ ಸೀಟು ಹಿಡಿದೆ, ನಿದ್ದೆ ಹೋದೆ. ಮಿನತಿ ಲಿಂಗಸುಗೂರಿನಲ್ಲಿ ನರ್ಸು, ತವರು ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪು. ಯಾವ ಭಾನುವಾರ ಯಾವ ಗಾಡಿ ಹತ್ತುತ್ತಾಳೋ ಅವಳಿಗೇ ಗೊತ್ತಿರುತ್ತಿರಲಿಲ್ಲ. ನಿಮ್ಮ ಗಾಡಿಯವರು ನಮ್ಮದರಲ್ಲಿದ್ದಾಳೆ ಎಂದುಕೊಂಡರು, ನಮ್ಮವರು ನಿಮ್ಮದರಲ್ಲಿ. ಹಲಗೆಯಂತೂ ತುಂಬಿತ್ತು. ಊರು ಸೇರುವಷ್ಟರಲ್ಲಿ ಗಾಡಿಯ ಕುಲುಕಾಟಕ್ಕೆ ಕೆಲವು ಬಿಲ್ಲೆ ಉದುರಿ ಹೋಗಿದ್ದವು, ಮರುದಿನ ಹಲಗೆ ನೋಡಿ ಏನೂ ಹೇಳುವಂತಿರಲಿಲ್ಲ.

ಅವಳು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಫೋಟೊ ತೆಗೆದೂ ತೆಗೆದೂ ಮೊಬೈಲಿನ ಚಾರ್ಜು ಮುಗಿದಿತ್ತು. ಹೊತ್ತು ಮುಳುಗುವಾಗ ಕುರಿ ಹೊಡೆದುಕೊಂಡು ಬಂದವರು ಕೂಗು ಕೇಳಿ ಹೊತ್ತು ತಂದರು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೂ ನಿಮ್ಮ ಮೇಲೆ ಮುಗಿಬಿದ್ದರು. "ಎಣಿಸೋದು ಒಂದss ಕೆಲಸ, ಅದೂ ಬರಲಿಲ್ಲೇನು?" ನೀವು ನನ್ನ ಕಡೆ ತಿರುಗಿದಿರಿ.

"ಶಾಂತವ್ವಾ, ಕಡೀಕ ಇಳದಾಕಿ ನೀ. ಮಿನತಿ ಬಿಲ್ಲೆ ಹಾಕಿದ್ದು ನೋಡೀಯೇನು?"

"ಇಲ್ಲಣ್ಣಾ, ನಾ ನೋಡಿಲ್ಲ."

ಮಾತು ನಿಜವೇ, ಅವಳು ಹಾಕಿರಲಿಲ್ಲವಲ್ಲ! ಅಡ್ಡಗೋಡೆ ಮೇಲೆ ದೀಪ ಇಟ್ಟು ಪಾರಾದೆ. ನೀವು "ಹಂಗಾದ್ರ ಹಲಗಿ ತುಂಬಿರಲಿಲ್ಲ. ನನ್ನ ಕಣ್ಣss ಸುಳ್ಳು ಹೇಳ್ಯಾವ," ಎಂದು ಮೆಟ್ಟಿಲಿಳಿದು ಹೋದಿರಿ. ಒಳಗೆ ಮಿನತಿ ನನ್ನ ಮುಖವನ್ನೇ ನೋಡುತ್ತಿದ್ದಳು. ದೊಡ್ಡವಳು, ಅಕ್ಕ, ತಾನಾಗಿ ಹೇಳುತ್ತಾಳೆ ಎಂದು ಕಾದಳಂತೆ; ಅದನ್ನು ಎಷ್ಟೋ ದಿನದ ಮೇಲೆ ನನಗೊಬ್ಬಳಿಗೇ ಹೇಳಿದಳು, ಬೇರೆ ಯಾರಿಗೂ ಬಾಯಿಬಿಡಲಿಲ್ಲ. ನಾನು ಅವಳ ದಿಂಬು ಸರಿಮಾಡಿದೆ.

ನೀವು ಮತ್ತೆ ಗುಡ್ಡಕ್ಕೆ ಬರಲಿಲ್ಲ. ಗಣಿಯ ಆ ಕಿಟಕಿಯ ಕೆಲಸವನ್ನೂ ನೀವಾಗಿಯೇ ಬಿಟ್ಟಿರಿ — ಎಣಿಕೆ ತಪ್ಪುವವನು ಅಲ್ಲಿ ಕೂಡಬಾರದು ಎಂದು. ಆ ಸುದ್ದಿ ಬಂದ ದಿನವಾದರೂ ನಾನು ಹಟ್ಟಿಯ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಶಾಲೆ, ಪರೀಕ್ಷೆ, ಮನೆ — ನೆಪಕ್ಕೇನು ಬರ.

ಮೊನ್ನೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಮಗಳು ಸಿಕ್ಕಳು. "ಅಪ್ಪಗ ತನ್ನ ಮ್ಯಾಲ ಭರೋಸಾನss ಹೋಗೇತ್ರಿ ಟೀಚರ್. ಉಣ್ಣಾಕ ನಾಕು ಮಂದಿ ಕುಂತ್ರೂ ತಾಟು ಎರಡೆರಡು ಸಲ ಎಣಸ್ತಾನ," ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಮುರಿದ ಕಾಲು ಎರಡು ತಿಂಗಳಲ್ಲಿ ಕೂಡಿತು ಅಣ್ಣಾ. ನಾನು ನಿಮ್ಮೊಳಗೆ ಮುರಿದದ್ದು —

ಈ ಕಾಗದದ ಒಂದು ಪ್ರತಿ ಬಳಗದವರಿಗೆಲ್ಲ ಕಳಿಸಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುತ್ತಲೂ ಇಲ್ಲ. ಬರುವ ಭಾನುವಾರ ಮೊದಲ ಬಸ್ಸಿಗೆ ಹಟ್ಟಿಗೆ ಬರುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು, ಓಣಿಯ ಮಂದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ: ಹನುಮಂತಣ್ಣ ಎಣಿಸಿದ್ದು ಸರಿಯಾಗಿಯೇ ಇತ್ತು.